ನೆಲದಿಂದ ಏಳುವುದನ್ನು ಮತ್ತೆ ಕಲಿತೆ

ಹೋದ ವರ್ಷ ನಂಜನಗೂಡಿನಲ್ಲಿ ತಂಗಿ ಮಗಳ ಮದುವೆ. ಟೇಬಲ್ ಊಟವೂ ಇತ್ತು, ನೆಲದ ಪಂಕ್ತಿಯೂ ಇತ್ತು. ಹಿರಿಯರ ಜೊತೆ ಕೂರೋಣ ಅಂತ ಚಕ್ಕಳಮಕ್ಕಳ ಹಾಕಿ ಎಲೆ ಮುಂದೆ ಕೂತೆ. ಮಜ್ಜಿಗೆ ಅನ್ನದವರೆಗೂ ಎಲ್ಲ ಸರಿ. ಏಳಬೇಕು ಅಂದಾಗ ಬಲಗೈ ಎಂಜಲು, ಎಡಗೈ ಒಂದೇ ಸಾಲದು. ಕೊನೆಗೆ ಬಡಿಸುವ ಹುಡುಗ ಬಕೆಟ್ ಪಕ್ಕಕ್ಕಿಟ್ಟು ನನ್ನನ್ನು ಎಬ್ಬಿಸಿದ. ಆಗ ನನಗೆ 54. ಪಕ್ಕದಲ್ಲೇ ಕೂತಿದ್ದ 79ರ ಅಮ್ಮ ಅಷ್ಟರಲ್ಲಿ ಕೈ ತೊಳೆದುಕೊಂಡೂ ಬಂದಿದ್ದಳು. "ಏನೋ, ನನಗಿಂತ ಮೊದ್ಲೇ ಮುದುಕ ಆಗ್ಬಿಟ್ಯಲ್ಲೋ" ಅಂದಳು.

28 ವರ್ಷ ಬ್ಯಾಂಕಿನ ಕುರ್ಚಿಯಲ್ಲಿ ಕೂತವನು ನಾನು. ಮನೆಗೆ ಬಂದರೆ ಸೋಫಾ, ಊಟಕ್ಕೆ ಡೈನಿಂಗ್ ಟೇಬಲ್. ನೆಲ ಮುಟ್ಟುವ ಕೆಲಸವೇ ಇರಲಿಲ್ಲ.

ನಮ್ಮ ಬೀದಿಯ ಫಿಸಿಯೋಥೆರಪಿಸ್ಟ್ ಒಬ್ಬರು ಒಂದು ಪರೀಕ್ಷೆ ಮಾಡಿಸಿದರು. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರಾಉಜೊ ಅವರ ಪರೀಕ್ಷೆಯಂತೆ ಅದು. ನೆಲದ ಮೇಲೆ ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5. ಕೈ, ಮಂಡಿ, ಏನನ್ನು ಊರಿದರೂ ಒಂದೊಂದು ಅಂಕ ಕಡಿತ. ತೂರಾಡಿದರೆ ಅರ್ಧ. 51ರಿಂದ 80 ವಯಸ್ಸಿನ 2002 ಜನರಿಗೆ ಇದನ್ನು ಮಾಡಿಸಿ, ಸುಮಾರು ಆರು ವರ್ಷ ಗಮನಿಸಿ, 2012ರಲ್ಲಿ ಪ್ರಕಟಿಸಿದ್ದಾರೆ. ಕಡಿಮೆ ಅಂಕದವರಲ್ಲಿ ಸಾವು ಎದ್ದು ಕಾಣುವಷ್ಟು ಜಾಸ್ತಿ. ನನಗೆ ಬಂದದ್ದು ಐದೂವರೆ.

ಗಾಬರಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಕೂತು ಎದ್ದರೆ ಆಯಸ್ಸು ಬೆಳೆಯುತ್ತದೆ ಅಂತ ಆ ಅಧ್ಯಯನ ಹೇಳುವುದಿಲ್ಲ. ಕಾಲಿನ ಬಲ, ಕೀಲಿನ ಸಲೀಸು, ಮೈಭಾರ, ಬ್ಯಾಲೆನ್ಸ್ ಎಲ್ಲ ಸೇರಿ ಆ ಅಂಕ ಬರುತ್ತದೆ. ಮೊದಲೇ ಕಾಯಿಲೆ ಇದ್ದವನಿಗೂ ಅಂಕ ಕಡಿಮೆಯೇ ಅಲ್ವಾ?

ಆದರೂ ಶುರು ಮಾಡಿದೆ. ಮೊದಲ ತಿಂಗಳು ಮೂರು ದಿಂಬು ಪೇರಿಸಿ ಅದರ ಮೇಲೆ ಕೂತು ಏಳುತ್ತಿದ್ದೆ, ಹಿಡಿದುಕೊಳ್ಳಲು ಪಕ್ಕದಲ್ಲಿ ಕುರ್ಚಿ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ತೊಂದರೆ ಮಂಡಿಯದ್ದು ಅಂದುಕೊಂಡಿದ್ದೆ. ನಿಜವಾಗಿ ಬಿಗಿದಿದ್ದು ಹಿಮ್ಮಡಿಯ ಮೇಲಿನ ಸ್ನಾಯು. ಕುಕ್ಕರುಗಾಲಲ್ಲಿ ಕೂತರೆ ಹಿಮ್ಮಡಿ ಮೇಲೆದ್ದು ಹಿಂದಕ್ಕೆ ಬೀಳುತ್ತಿದ್ದೆ. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮ ಸೇರಿಸಿದ ಮೇಲೆಯೇ ದಿಂಬು ಎರಡಾಯಿತು, ಆಮೇಲೆ ಒಂದಾಯಿತು. ಐದನೇ ತಿಂಗಳಿಗೆ ಬರಿ ಚಾಪೆ. ಮಂಡಿ ಆಪರೇಷನ್ ಆದವರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದನ್ನೂ ರೂಢಿಸಿಕೊಂಡೆ. ಅರಾಉಜೊ ತಂಡದ್ದೇ 2022ರ ಇನ್ನೊಂದು ಅಧ್ಯಯನದಲ್ಲಿ, 1702 ಜನರಲ್ಲಿ ಐದರಲ್ಲೊಬ್ಬರಿಗೆ 10 ಸೆಕೆಂಡ್ ಹಾಗೆ ನಿಲ್ಲಲು ಆಗಿರಲಿಲ್ಲ. ಮೊದಲ ದಿನ ನಾನು ನಿಂತದ್ದು 6 ಸೆಕೆಂಡ್. ಬನಿಯನ್ ಮೇಲೆಲ್ಲ ಪೇಸ್ಟು.

ಈ ನಡುವೆ ಒಂದು ಬೆಳಿಗ್ಗೆ ಸುಮ್ನೆ ಅಮ್ಮನನ್ನು ಗಮನಿಸಿದೆ. ಈಳಿಗೆ ಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ಚಿದಳು, ಹಾಲು ಉಕ್ಕಿತು ಅಂತ ಎದ್ದಳು, ಮತ್ತೆ ಕೂತಳು. ಬಾಗಿಲಲ್ಲಿ ಹೂವಿನವಳು ಕೂಗಿದಳು, ಎದ್ದಳು. ರಂಗೋಲಿ, ದೇವರ ಮುಂದೆ ದೀಪ, ಮಣೆ. ಹತ್ತು ಗಂಟೆಯೊಳಗೆ 14 ಸಲ! ಇವಳಿಗೆ ಯಾವ ವ್ಯಾಯಾಮ ಹೇಳಿಕೊಡುವುದು?

ಈಗ ನನ್ನ ಅಂಕ ಎಂಟು. ಏಳುವಾಗ ಒಂದು ಕೈ ಇನ್ನೂ ಬೇಕು. ರಾತ್ರಿ ಊಟ ನೆಲದ ಮೇಲೆಯೇ ಮಾಡುತ್ತೇನೆ. ಡೈನಿಂಗ್ ಟೇಬಲ್ ಮೇಲೆ ಈಗ ಹೆಂಡತಿ ಒಗೆದ ಬಟ್ಟೆ ರಾಶಿ ಹಾಕುತ್ತಾಳೆ.