ತಿಂಗಳ ಪತ್ರದಿಂದ ನಾನು ಹೊಡೆದು ಹಾಕಿದ ಪದ

ಹುಬ್ಬಳ್ಳಿಯಲ್ಲಿ ಮ್ಯೂಚುವಲ್ ಫಂಡ್ ವಿತರಕನಾಗಿರುವ ನಾನು ನನ್ನ ಹೂಡಿಕೆದಾರರಿಗೆ ತಿಂಗಳಿಗೊಂದು ಪತ್ರ ಬರೆಯುತ್ತೇನೆ. ಷೇರುಪೇಟೆ ಏನು ಮಾಡಿತು, ದೇಶದ ಆರ್ಥಿಕತೆ ಹೇಗಿದೆ ಎಂಬ ಎರಡು ಪುಟ. ಯಾವ ಷೇರು ಕೊಳ್ಳಬೇಕೆಂದು ಬರೆಯುವುದಿಲ್ಲ. ಅದಕ್ಕೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಬೇರೆ ನೋಂದಣಿ ಬೇಕು, ಅಷ್ಟು ಎದೆಗಾರಿಕೆಯೂ ಬೇಕು.

2024ರ ಅಕ್ಟೋಬರ್ ಪತ್ರವನ್ನು ಬರೆದದ್ದು ನವೆಂಬರ್ 1ರ ಸಂಜೆ. ಬೆಳಿಗ್ಗೆ ರಾಜ್ಯೋತ್ಸವದ ಧ್ವಜ, ಸಂಜೆ ಅಂಗಡಿ ಅಂಗಡಿಯಲ್ಲೂ ಲಕ್ಷ್ಮಿ ಪೂಜೆ, ಆರರಿಂದ ಏಳರವರೆಗೆ ಷೇರುಪೇಟೆಯಲ್ಲಿ ದೀಪಾವಳಿಯ ಮುಹೂರ್ತ ವಹಿವಾಟು. ಪಟಾಕಿ ಸದ್ದಿನ ನಡುವೆ ಕುಳಿತು ಲೆಕ್ಕ ಹಾಕಿದೆ. ಸೆಪ್ಟೆಂಬರ್ ಕೊನೆಗೆ 25,810ರಲ್ಲಿದ್ದ ನಿಫ್ಟಿ (ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಅಕ್ಟೋಬರ್ ಕೊನೆಗೆ 24,205ಕ್ಕೆ ಇಳಿದಿತ್ತು. ಶೇ 6.2ರಷ್ಟು ಕುಸಿತ. ಅದರ ಕೆಳಗೆ ಸರಾಗವಾಗಿ ಬರೆದೆ: ‘ವಿದೇಶಿ ಹೂಡಿಕೆದಾರರು ಮಾರಿದರು, ಏಕೆಂದರೆ ಚೀನಾ ತನ್ನ ಆರ್ಥಿಕತೆಗೆ ಉತ್ತೇಜನ ಘೋಷಿಸಿದೆ.’ ಎಲ್ಲರೂ ಅದನ್ನೇ ಹೇಳುತ್ತಿದ್ದರು. ನಾನೂ ಗೋವಿಂದ ಎಂದೆ.

ನವೆಂಬರ್ 12ಕ್ಕೆ ಅಕ್ಟೋಬರ್‌ನ ಚಿಲ್ಲರೆ ಹಣದುಬ್ಬರದ ಅಂಕಿ ಬಂತು, ಶೇ 6.21. ತರಕಾರಿಯದ್ದು ಶೇ 42. ನವೆಂಬರ್ 29ಕ್ಕೆ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ಜಿಡಿಪಿ ಬೆಳವಣಿಗೆಯ ಅಂಕಿ ಬಂತು. ರಿಸರ್ವ್ ಬ್ಯಾಂಕ್ ಅಂದಾಜು ಮಾಡಿದ್ದು ಶೇ 7, ಬಂದದ್ದು ಶೇ 5.4. ಚೀನಾದತ್ತ ಬೆರಳು ತೋರಿಸಿದ್ದ ನನ್ನ ಪತ್ರ ಮನೆಯ ಅಡುಗೆಮನೆಯನ್ನೇ ನೋಡಿರಲಿಲ್ಲ. ಚೀನಾದ ಕಾರಣ ಸುಳ್ಳೆಂದಲ್ಲ. ಆದರೆ ಅದೊಂದೇ ಎಂಬಂತೆ ಬರೆಯುವ ಹಕ್ಕು ಆ ಸಂಜೆ ನನಗಿರಲಿಲ್ಲ. ಆಗಿನ ನನ್ನ ಕೈಯಲ್ಲಿದ್ದ ಹಣದುಬ್ಬರದ ಅಂಕಿಯೂ ಸೆಪ್ಟೆಂಬರಿನದು.

ಹಾಗಾಗಿ ಎರಡು ಬದಲಾವಣೆ ಮಾಡಿಕೊಂಡೆ. ಒಂದು, ‘ಏಕೆಂದರೆ’ಯನ್ನು ಹೊಡೆದು ಹಾಕಿದೆ. ಏನಾಯಿತು ಎಂಬುದು ಒಂದು ಸಾಲಿನಲ್ಲಿ, ಅದೇ ಹೊತ್ತಿಗೆ ಬೇರೇನು ನಡೆಯುತ್ತಿತ್ತು ಎಂಬುದು ಇನ್ನೊಂದು ಸಾಲಿನಲ್ಲಿ. ಎರಡಕ್ಕೂ ಗಂಟು ಹಾಕುವುದು ಓದುವವರಿಗೆ ಬಿಟ್ಟದ್ದು. ಇನ್ನೊಂದು, ಪತ್ರವನ್ನು ಹಣದುಬ್ಬರದ ಅಂಕಿ ಬಂದ ಮರುದಿನಕ್ಕೆ ಮುಂದೂಡಿದೆ. ಜಿಎಸ್‌ಟಿ ಸಂಗ್ರಹ, ವಾಹನ ಮಾರಾಟ ತಿಂಗಳ ಮೊದಲಿಗೇ ಗೊತ್ತಾಗುತ್ತವೆ, ಸಿಪ್ (ಜನ ತಿಂಗಳು ತಿಂಗಳು ಫಂಡ್‌ಗೆ ಕಟ್ಟುವ ಕಂತು) ಮೊತ್ತ ಹತ್ತರ ಆಸುಪಾಸಿಗೆ. ಎಲ್ಲ ಒಂದೇ ತಿಂಗಳವೇ ಆಗಿದ್ದರೆ ಓದುವವರಿಗೂ ನೆಮ್ಮದಿ.

ಪೇಟೆ ಮಾತ್ರ ಇಳಿಯುತ್ತಲೇ ಇತ್ತು. ಫೆಬ್ರುವರಿ 2025ರಲ್ಲಿ ರಿಸರ್ವ್ ಬ್ಯಾಂಕ್ ಸುಮಾರು ಐದು ವರ್ಷಗಳ ನಂತರ ರೆಪೊ ದರ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಇಳಿಸಿದರೂ ನಿಫ್ಟಿ ಸತತ ಐದನೇ ತಿಂಗಳು ನಷ್ಟದಲ್ಲೇ ಮುಗಿಯಿತು. ಹಾಗಾದದ್ದು 1996ರ ನಂತರ ಅದೇ ಮೊದಲು. ಆ ಪತ್ರದಲ್ಲಿ ಐದು ತಿಂಗಳ ಇಳಿಕೆಯನ್ನು (6.2, 0.3, 2, 0.6, 5.9) ಕೂಡಿ ಒಟ್ಟು ಶೇ 15 ಎಂದು ಬರೆದುಬಿಟ್ಟೆ. ಮರುದಿನ ಬೆಳಿಗ್ಗೆಯೇ ನಿವೃತ್ತ ಗಣಿತ ಮೇಷ್ಟರೊಬ್ಬರ ಫೋನ್. ‘25,810ರಿಂದ 22,124ಕ್ಕೆ ಬಂದರೆ ಶೇ 14.3 ಆಗುತ್ತದೆ. ಶೇಕಡಾವಾರುಗಳನ್ನು ಅಕ್ಕಿಯಂತೆ ಅಳೆದು ಸುರಿಯಬಾರದು.’ ತಪ್ಪೊಪ್ಪಿಕೊಂಡೆ. ಅವರು ಬಿಡಲಿಲ್ಲ: ‘ಮತ್ತೆ 25,810 ಮುಟ್ಟಲು ಎಷ್ಟು ಏರಬೇಕು?’ ಕ್ಯಾಲ್ಕುಲೇಟರ್ ಒತ್ತಿದೆ. ಶೇ 16.7. ಅಂದಿನಿಂದ ಆ ಸಂಖ್ಯೆಗೂ ಪತ್ರದಲ್ಲಿ ಒಂದು ಸಾಲು ಮೀಸಲು.

ಮಾರ್ಚ್‌ನಲ್ಲಿ ನಿಫ್ಟಿ ಶೇ 6.3ರಷ್ಟು ಏರಿತು. ಪತ್ರವನ್ನು ಮುಂದೂಡಿದ್ದರ ಬೆಲೆ ಆಗ ತೆತ್ತೆ. ಅಮೆರಿಕ ಏಪ್ರಿಲ್ 2ರಂದು ಸುಂಕದ ಪಟ್ಟಿ ಪ್ರಕಟಿಸಿತು. 7ರಂದು ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 2,226 ಅಂಶ ಕುಸಿಯಿತು. ನಾನು ಹಣದುಬ್ಬರದ ಅಂಕಿಗೆ ಕಾಯುತ್ತಿದ್ದೆ, ಜನ ನನ್ನ ಪತ್ರಕ್ಕೆ ಕಾಯುತ್ತಿದ್ದರು. ಕೊನೆಗೆ ಅವರ ಕೈ ಸೇರಿದ್ದು ಮಾರ್ಚ್ ಏರಿಕೆಯ ವರದಿ! ಮನೆಗೆ ಬೆಂಕಿ ಬಿದ್ದಾಗ ಹೋದ ತಿಂಗಳ ಹಾಲಿನ ಲೆಕ್ಕ ಕೊಟ್ಟಂತಾಯಿತು.

ಏಪ್ರಿಲ್ ಪತ್ರ ಇನ್ನೂ ವಿಚಿತ್ರ. ತಿಂಗಳ ಆರಂಭಕ್ಕೆ 23,519, ಕೊನೆಗೆ 24,334. ಶೇ 3.5ರಷ್ಟು ಲಾಭ. ನಡುವೆ ನಿದ್ದೆಗೆಡಿಸಿದ 22,161ರ ಸುಳಿವೇ ಅಲ್ಲಿಲ್ಲ. ‘ತಿಂಗಳೊಳಗಿನ ಕನಿಷ್ಠ ಮುಕ್ತಾಯ’ ಎಂಬ ಹೊಸ ಸಾಲು ಸೇರಿಸಿ ಮೇಷ್ಟರಿಗೆ ತೋರಿಸಿದೆ. ‘ಅದರ ಪಕ್ಕದಲ್ಲಿ, ಆ ವಾರ ಎಷ್ಟು ಜನ ಸಿಪ್ ನಿಲ್ಲಿಸಿದರೆಂದೂ ಬರೆಯಿರಿ’ ಎಂದರು. ನನ್ನ ಪಟ್ಟಿಯಲ್ಲಿ ಇಬ್ಬರು. ಹೆಸರಿಲ್ಲದೆ ಬರೆದೆ.

ಪತ್ರ ಹೋದ ಸಂಜೆಯೇ ಅವರಲ್ಲೊಬ್ಬರು ಫೋನ್ ಮಾಡಿದರು. ‘ಇನ್ನೊಬ್ಬರು ಯಾರು?’