ತಿಂಗಳಿಗೊಂದು ಆಲ್ಬಂ, ಶೀಟಿನ ಮಾಡಿನ ಕೆಳಗೆ

ಹಾಸನದಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಬಿ.ಎಂ. ರಸ್ತೆಯಿಂದ ಒಂದು ಅಡ್ಡರಸ್ತೆ ಒಳಗೆ. ಮೊದಲು ಟೇಪ್ ರೆಕಾರ್ಡರ್, ಟಿ.ವಿ. ಬರುತ್ತಿದ್ದವು. ಈಗ ಜಾಸ್ತಿ ಬರುವುದು ಮಿಕ್ಸಿ, ಇಂಡಕ್ಷನ್ ಒಲೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಆಕಾಶವಾಣಿ ಹಾಸನ 102.2 ಹಾಕಿಬಿಡುತ್ತೇನೆ. ರಾತ್ರಿ ಬೀಗ ಹಾಕುವ ತನಕ ಅಂಗಡಿಯಲ್ಲಿ ಏನಾದರೊಂದು ಹಾಡುತ್ತಲೇ ಇರುತ್ತದೆ.

ಹಾಡಿನ ಹುಚ್ಚಿರುವವರಿಗೆ ಜೊತೆಗೆ ಇನ್ನೊಂದು ಕಾಯಿಲೆ. ತಾನು ಕೇಳಿದ್ದನ್ನು ಇನ್ನೊಬ್ಬರಿಗೆ ಕೇಳಿಸದಿದ್ದರೆ ಅನ್ನ ಇಳಿಯುವುದಿಲ್ಲ. ನಾನು ಮಾಡುತ್ತಿದ್ದದ್ದು ಇಷ್ಟೇ. ಒಂದು ಆಲ್ಬಂ ಇಷ್ಟವಾದರೆ ವಾಟ್ಸಾಪಿನಲ್ಲಿ ಇಪ್ಪತ್ತು ಜನಕ್ಕೆ ಲಿಂಕ್ ಕಳಿಸುವುದು. ಕೆಳಗೆ 'ಬೆಂಕಿ, ಕೇಳಿ' ಅಂತ ಒಂದು ಸಾಲು. ಹತ್ತು ಸೆಕೆಂಡಿಗೆ ಆ ಕಡೆಯಿಂದ ಹೆಬ್ಬೆಟ್ಟು ಬರುತ್ತಿತ್ತು. ನಲವತ್ತು ನಿಮಿಷದ ಆಲ್ಬಂಗೆ ಹತ್ತು ಸೆಕೆಂಡಿನಲ್ಲಿ ಹೆಬ್ಬೆಟ್ಟು! ಸಾಲದ ಪತ್ರಕ್ಕೆ ಓದದೇ ಒತ್ತಿದ ಹಾಗೆ. ಆಮೇಲೆ ಎದುರು ಸಿಕ್ಕಾಗ 'ಕೇಳಿದ್ರಾ?' ಅಂದರೆ, 'ಇನ್ನೂ ಇಲ್ಲ ಕಣ್ರೀ, ಟೈಮೇ ಆಗಲಿಲ್ಲ.' ಹೀಗೆ ಎಷ್ಟೋ ವರ್ಷ ಕಳೆಯಿತು.

ದಾರಿ ಬದಲಾಗಿದ್ದು ಒಂದು ರಬ್ಬರ್ ಬೆಲ್ಟಿನಿಂದ.

ನಮ್ಮ ಕಾಲೇಜಿನ ಲೆಕ್ಕದ ಮೇಷ್ಟ್ರೊಬ್ಬರು ತಮ್ಮ ಹಳೇ ಟೂ-ಇನ್-ಒನ್, ಅಂದರೆ ರೇಡಿಯೋ ಕಮ್ ಟೇಪ್ ರೆಕಾರ್ಡರ್, ತಂದುಕೊಟ್ಟರು. ಧ್ವನಿ ಎಳೆದ ಹಾಗೆ ಬರುತ್ತದೆ ಅಂತ ದೂರು. ಪರೀಕ್ಷೆಗೆಂದು ನನ್ನಲ್ಲಿದ್ದ 'ನಿತ್ಯೋತ್ಸವ' ಕ್ಯಾಸೆಟ್ ಹಾಕಿದೆ. ನಿಸಾರ್ ಅಹಮದ್ ಕವಿತೆಗಳು, ಮೈಸೂರು ಅನಂತಸ್ವಾಮಿ ಸಂಗೀತ. 1978ರಲ್ಲಿ ಬಂದದ್ದು, ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿ ಅಂತಲೇ ಅದಕ್ಕೆ ಹೆಸರು. ಮೇಷ್ಟ್ರು ಕಿವಿಗೊಟ್ಟು ಕೇಳಿ, 'ಇದು ಅನಂತಸ್ವಾಮಿ ಅಲ್ಲ ಕಣಯ್ಯ, ಅವರ ದೊಡ್ಡಪ್ಪ' ಅಂದರು. ನಿಜ. ಬೆಲ್ಟ್ ಸಡಿಲವಾದರೆ ಟೇಪು ನಿಧಾನ ಓಡುತ್ತದೆ, ಶ್ರುತಿ ಇಳಿಯುತ್ತದೆ, ಗಂಟಲು ದಪ್ಪವಾಗುತ್ತದೆ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬೆಲ್ಟ್ ಬದಲಿಸಿದೆ, ಮೋಟಾರಿನ ಸ್ಕ್ರೂ ತಿರುಗಿಸಿ ವೇಗ ಸರಿ ಮಾಡಿದೆ. ಅನಂತಸ್ವಾಮಿ ವಾಪಸ್ ಬಂದರು. ಹೊರಗೆ ಮಳೆ ಹಿಡಿದಿತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತೇ ಇದ್ದರು. ಎ ಸೈಡ್ ಮುಗಿಯಿತು. 'ಹೋಗಲಿ, ಬಿ ಸೈಡೂ ಹಾಕು' ಅಂದರು.

ಅದೇ ಮೇಷ್ಟ್ರಿಗೆ ನಾನು ಅಷ್ಟು ವರ್ಷದಲ್ಲಿ ಏನಿಲ್ಲವೆಂದರೂ ಮೂವತ್ತು ಲಿಂಕ್ ಕಳಿಸಿದ್ದೆ. ಒಂದನ್ನೂ ಪೂರ್ತಿ ಕೇಳಿರಲಿಲ್ಲ. ಎದುರಿಗೆ ಇನ್ನೊಬ್ಬ ಕೂತು ಕೇಳುತ್ತಿದ್ದಾನೆ, ಎದ್ದು ಹೋಗಲು ಮಳೆ ಬಿಡುತ್ತಿಲ್ಲ, ಅಷ್ಟಿದ್ದರೆ ಸಾಕಾಯಿತು. ಆವತ್ತೇ ಇಬ್ಬರೂ ಮಾತಾಡಿಕೊಂಡೆವು. ತಿಂಗಳ ಮೊದಲ ಭಾನುವಾರ, ಸಂಜೆ ನಾಲ್ಕಕ್ಕೆ, ನಮ್ಮ ಮನೆ ತಾರಸಿಯ ರೂಮಿನಲ್ಲಿ. ಒಬ್ಬರು ಒಂದು ಆಲ್ಬಂ ತರಬೇಕು, ಸದ್ಯಕ್ಕೆ ತಾವು ಬಿಡದೆ ಕೇಳುತ್ತಿರುವಂಥದ್ದು. ಮೊದಲಿಂದ ಕೊನೆಯವರೆಗೆ ಎಲ್ಲರೂ ಕೂತು ಕೇಳಬೇಕು. ಈಗ ನಾವು ಆರು ಜನ.

ಹೇಳಿದಷ್ಟು ಸಲೀಸಾಗಲಿಲ್ಲ. ಮೊದಲ ತಿಂಗಳು ನನ್ನದೇ ಸರದಿ. 'ಕಾಲ್ ಆಫ್ ದ ವ್ಯಾಲಿ' ಹಾಕೋಣ ಅಂದುಕೊಂಡೆ. 1967ರ ಆಲ್ಬಂ. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಗಿಟಾರ್. ಕಾಶ್ಮೀರದ ಕಣಿವೆಯ ಕುರಿಗಾಹಿಯೊಬ್ಬನ ಒಂದು ದಿನ ಅದು. ಬೆಳಗಿನ ಅಹೀರ್ ಭೈರವ ರಾಗದಿಂದ ಹೊರಟು ರಾತ್ರಿ ಪಹಾಡಿ ರಾಗಕ್ಕೆ ಬಂದು ನಿಲ್ಲುತ್ತದೆ. ನಾನು ದೊಡ್ಡದಾಗಿ ಪೀಠಿಕೆ ಹಾಕಿದೆ, 'ಈಗ ಬೆಳಗಾಗುತ್ತದೆ ನೋಡಿ' ಅಂದೆ. ಮೊಬೈಲ್ ಆ್ಯಪ್ ಶಫಲ್‌ನಲ್ಲಿತ್ತು. ಮೊದಲೇ ಪಹಾಡಿ ಬಂತು. ಕುರಿಗಾಹಿ ಎದ್ದ ಕೂಡಲೇ ಮಲಗಿದ. ಆಮೇಲೆ ಮಧ್ಯಾಹ್ನವಾಯಿತು, ಅಷ್ಟರಲ್ಲಿ ಒಂದು ಬನಿಯನ್ ಜಾಹೀರಾತು, ಆಮೇಲೆ ಬೆಳಗಾಯಿತು. ಯಾರಿಗೂ ಏನೂ ತಪ್ಪಿದೆ ಅನ್ನಿಸಲಿಲ್ಲ, ನನ್ನ ಹೊಟ್ಟೆಯೊಂದೇ ಉರಿಯಿತು. ಮರುತಿಂಗಳೂ ಅದನ್ನೇ ಹಾಕಿದೆ, ಸರಿಯಾದ ಕ್ರಮದಲ್ಲಿ. ಆಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ 'ಓಹ್, ಹೋದ ಸಲ ದಿನ ತಲೆಕೆಳಗಾಗಿತ್ತು ಅಲ್ವಾ' ಅಂದರು. ಹೊಟ್ಟೆ ತಣ್ಣಗಾಯಿತು.

ಅಂದಿನಿಂದ ಆಲ್ಬಂ ಹಿಂದಿನ ದಿನವೇ ಡೌನ್‌ಲೋಡ್ ಆಗಿರಬೇಕು. ಫೋನು ಫ್ಲೈಟ್ ಮೋಡಿನಲ್ಲಿರಬೇಕು. ಬ್ಲೂಟೂತ್ ಬೇಡ, ಕೇಬಲ್ ಹಾಕುತ್ತೇವೆ. ಸೌಂಡ್ ಕ್ವಾಲಿಟಿ ಅಂತ ನಾನು ಹೇಳುತ್ತೇನೆ, ಅಸಲಿ ಕಾರಣ ಬೇರೆ. ಕೆಳಗಿನ ಮನೆಯ ಹುಡುಗನ ಫೋನ್ ಒಮ್ಮೆ ನಮ್ಮ ಸ್ಪೀಕರಿಗೆ ಸೇರಿಕೊಂಡು ಕ್ರಿಕೆಟ್ ಕಾಮೆಂಟರಿ ಶುರುವಾಗಿತ್ತು.

ರೂಮಿನದೂ ಒಂದು ಕಥೆ. ಮಾಡಿಗೆ ಜಿಂಕ್ ಶೀಟು. ಸ್ಪೀಕರನ್ನು ನೆಲದ ಮೇಲೆ ಗೋಡೆಗೆ ಅಂಟಿಸಿ ಇಟ್ಟಿದ್ದೆ, ಮದ್ದಲೆಯೂ ಬಾಸೂ ಒಂದೇ ಥರ ಗುಡುಗುಡು ಅನ್ನುತ್ತಿದ್ದವು. ಕೂತವರ ಕಿವಿಯ ಮಟ್ಟಕ್ಕೆ ಏರಿಸಿ, ಗೋಡೆಯಿಂದ ಒಂದಡಿ ಮುಂದೆ ತಂದೆ. ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ ಕೂರುವವರಿಗೂ ಸುಮಾರು ಅಷ್ಟೇ ದೂರ. ಮದುವೆ ಮನೆಯ ಹಳೇ ಜಮಖಾನೆ ಎರಡನ್ನು ಗೋಡೆಗೆ ತೂಗುಹಾಕಿದೆ. ಖರ್ಚು ಏನೂ ಇಲ್ಲ, ವ್ಯತ್ಯಾಸ ಅಜಗಜಾಂತರ. ಜುಲೈ ಜಡಿಮಳೆಗೆ ಮಾತ್ರ ಯಾವ ಮದ್ದೂ ಇಲ್ಲ. ಶೀಟಿನ ಮೇಲೆ ಮಳೆ ಬಿದ್ದರೆ ಎಂಥ ವಿದ್ವಾಂಸರೂ ಸೋಲುತ್ತಾರೆ. ಆ ತಿಂಗಳು ಕೆಳಗೆ ನಡುಮನೆಯಲ್ಲಿ ಕೂರುತ್ತೇವೆ. ಚುರುಮುರಿ ಪೊಟ್ಟಣ ಆಲ್ಬಂ ಮುಗಿದ ಮೇಲೆ ಮಾತ್ರ ಬಿಚ್ಚಬೇಕು ಅನ್ನುವುದು ಮೇಷ್ಟ್ರ ಕಾನೂನು. ಅವರೇ ಎರಡು ಸಲ ಮುರಿದಿದ್ದಾರೆ.

ನಾನು ಕಲಿತ ದೊಡ್ಡ ಪಾಠ ಬಾಯಿ ಮುಚ್ಚಿಕೊಳ್ಳುವುದು. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ತಂದ ದಿನ ಇಪ್ಪತ್ತು ನಿಮಿಷ ಭಾಷಣ ಬಿಗಿದೆ. 1959, ನ್ಯೂಯಾರ್ಕ್, ಮೋಡಲ್ ಜಾಝ್, ಕೋಲ್ಟ್ರೇನ್, ಬಿಲ್ ಎವನ್ಸ್. ಸಕಲೇಶಪುರದಿಂದ ಬಸ್ಸಿನಲ್ಲಿ ಬಂದಿದ್ದ ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕಪತ್ರ ಬರೆಯುವವರು, ಅಷ್ಟರಲ್ಲಿ ಗೊರಕೆಗೆ ಶ್ರುತಿ ಹಿಡಿದಿದ್ದರು. ನಡುವೆಯೇ ನಿಲ್ಲಿಸಿದೆವು. ಇನ್ನೊಂದು ತಿಂಗಳು ಬಿಟ್ಟು ಮತ್ತೆ ಹಾಕಿದಾಗ ಒಂದೇ ಮಾತು ಹೇಳಿದೆ. 'ಮೊದಲ ಹಾಡಿನಲ್ಲಿ ಬಾಸ್, ಆ ದಪ್ಪ ದನಿಯ ತಂತಿವಾದ್ಯ, ಏನೋ ಕೇಳುತ್ತದೆ, ಉಳಿದವರು ಎರಡೇ ಅಕ್ಷರದಲ್ಲಿ ಉತ್ತರ ಕೊಡುತ್ತಾರೆ. ಅದನ್ನು ಹಿಡಿಯಿರಿ.' ಅಷ್ಟೇ. ಎರಡು ನಿಮಿಷಕ್ಕೆ ಬ್ಯಾಂಕಿನ ಅಕ್ಕ ಬೆರಳು ಎತ್ತಿದರು. ಮುಗಿದ ಮೇಲೆ ಹೇಳಿದರು, 'ನಮ್ಮೂರ ಸೋಬಾನೆ ಹಂಗೇ ಇದೆ. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ.' ಅಂಥ ಮಾತು ನನ್ನ ಇಪ್ಪತ್ತು ನಿಮಿಷದ ಭಾಷಣದಲ್ಲಿ ಒಂದೂ ಇರಲಿಲ್ಲ.

ಆ ಆಲ್ಬಂ ಬಗ್ಗೆ ರಿಪೇರಿಯವನಾಗಿ ನನಗೆ ಪ್ರೀತಿ ಜಾಸ್ತಿಯಾಗಲು ಕಾರಣ ಇನ್ನೊಂದಿದೆ. ಅದನ್ನು ಧ್ವನಿಮುದ್ರಿಸಿದ್ದು ಎರಡು ದಿನ, ಮಾರ್ಚ್ 2 ಮತ್ತು ಏಪ್ರಿಲ್ 22. ಮಾರ್ಚ್ 2ರಂದು ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ ಅಲ್ವಾ? ಹಾಗಾಗಿ ಎಲ್‌ಪಿ ರೆಕಾರ್ಡಿನ ಮೊದಲ ಬದಿಯ ಮೂರೂ ಹಾಡುಗಳನ್ನು ಜನ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂಚೂರು ಏರಿದ ಶ್ರುತಿಯಲ್ಲೇ ಕೇಳಿದರು. ಸರಿಪಡಿಸಿದ್ದು 1990ರ ದಶಕದಲ್ಲಿ. ಅಷ್ಟು ದೊಡ್ಡ ಕಂಪನಿಯ ಸ್ಟುಡಿಯೋದಲ್ಲೇ ಹಾಗಾದರೆ ಮೇಷ್ಟ್ರ ಟೂ-ಇನ್-ಒನ್ ಏನು ಮಹಾ.

ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಬರುತ್ತಾನೆ. ಅವನು ತಂದದ್ದು ಬೀಟಲ್ಸ್‌ನ 'ಅಬ್ಬೇ ರೋಡ್', 1969ರದು. ಎರಡನೇ ಬದಿಯಲ್ಲಿ ತುಂಡುತುಂಡು ಹಾಡುಗಳನ್ನು ಒಂದಕ್ಕೊಂದು ಹೊಲಿದು ಸುಮಾರು ಹದಿನಾರು ನಿಮಿಷದ ಒಂದೇ ಸರ ಮಾಡಿದ್ದಾರೆ. ಹುಡುಗ ಪೆನ್ ಡ್ರೈವಿನಲ್ಲಿ ಎಂಪಿತ್ರೀ ತಂದಿದ್ದ. ಪ್ರತಿ ಹೊಲಿಗೆಯ ಜಾಗದಲ್ಲೂ ಒಂದು ಸೆಕೆಂಡ್ 'ತಟಕ್' ಅಂತ ಖಾಲಿ. ಸರದ ದಾರ ಕಡಿದ ಹಾಗೆ. ಅವನಿಗೆ ಅವಮಾನವಾಯಿತು. ಆ್ಯಪ್‌ನಲ್ಲಿ ಗ್ಯಾಪ್‌ಲೆಸ್ ಅನ್ನುವ ಸೆಟಿಂಗ್ ಹುಡುಕಿ ಮತ್ತೆ ಹಾಕಿದ. ಅದು ಬೇರೆ, ಕ್ರಾಸ್‌ಫೇಡ್ ಬೇರೆ. ಕ್ರಾಸ್‌ಫೇಡ್ ಹಾಕಿದರೆ ಒಂದು ಹಾಡಿನ ಬಾಲದ ಮೇಲೆ ಇನ್ನೊಂದು ಹಾಡು ಕಾಲಿಡುತ್ತದೆ. ಆ ತಪ್ಪನ್ನೂ ಮಾಡಿ ಆಗಿದೆ. ಕೊನೆಯ ಹಾಡು ಮುಗಿಯಿತು, ಎಲ್ಲರೂ ಎದ್ದರು, ರೈಟರ್ ಬಸ್ಸಿಗೆ ಹೊತ್ತಾಯಿತು ಅಂತ ಚಪ್ಪಲಿಯನ್ನೂ ಹಾಕಿಕೊಂಡರು. ಹದಿನಾಲ್ಕು ಸೆಕೆಂಡು ಮೌನ. ಇದ್ದಕ್ಕಿದ್ದ ಹಾಗೆ ಇನ್ನೊಂದು ಪುಟಾಣಿ ಹಾಡು ಶುರುವಾಗಿ ಅರ್ಧ ನಿಮಿಷ ಆಗುವ ಮೊದಲೇ ನಿಂತೂಹೋಯಿತು. ಮೊದಲ ಮುದ್ರಣದ ಹೊದಿಕೆಯಲ್ಲಿ ಅದರ ಹೆಸರೇ ಇರಲಿಲ್ಲವಂತೆ. ಹುಡುಗ ಇದನ್ನು ಮೊದಲೇ ಹೇಳದೆ ಗುಟ್ಟಾಗಿ ಇಟ್ಟುಕೊಂಡಿದ್ದ. ಅವನು ನನಗಿಂತ ಬೇಗ ಕಲಿತ.

ಎಸ್ಟೇಟ್ ರೈಟರ್ ಮೂಲತಃ ಬಂಟ್ವಾಳದ ಕಡೆಯವರು. ಕದ್ರಿ ಗೋಪಾಲನಾಥ್ ಅಂದರೆ ಅವರಿಗೆ ಮನೆಯವರಿದ್ದ ಹಾಗೆ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಮರುಳಾಗಿ, ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿಯೇ ತೀರಿದ ಮನುಷ್ಯ. ರೈಟರ್ ತಂದದ್ದು 'ಕಿನ್ಸ್‌ಮೆನ್', 2008ರದು. ಅಮೆರಿಕದ ರುದ್ರೇಶ್ ಮಹಾಂತಪ್ಪ ಜೊತೆ ಕದ್ರಿಯವರು ನುಡಿಸಿದ್ದು. ಎರಡೂ ಆಲ್ಟೊ ಸ್ಯಾಕ್ಸಫೋನ್. ಜೊತೆಗೆ ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಡ್ರಮ್ಸ್, ಗಿಟಾರ್. ರೈಟರ್ ಒಂದೇ ಮಾತು ಹೇಳಿದರು, 'ನಮ್ಮವರದ್ದು ಯಾವುದು ಅಂತ ಗೊತ್ತಾದಾಗ ಕೈ ಎತ್ತಿ.' ಸ್ವರವನ್ನು ಜಾರಿಸಿ ಅಲುಗಿಸುವ ಗಮಕ ಬಂದರೆ ಕದ್ರಿ, ಇಲ್ಲದಿದ್ದರೆ ಮಹಾಂತಪ್ಪ ಅಂತ ಸುಲಭದ ಲೆಕ್ಕ ಹಾಕಿದ್ದೆವು. ಅದು ನಡೆಯಲಿಲ್ಲ. ಆ ಇನ್ನೊಬ್ಬನೂ ಜಾರುತ್ತಾನೆ, ಎಳೆಯುತ್ತಾನೆ. ಎರಡು ಸಲ ಸ್ವತಃ ರೈಟರೇ ತಪ್ಪು ಕೈ ಎತ್ತಿದರು. ನನಗೆ ಅಲ್ಲಲ್ಲಿ ತಲೆನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಗಂಟೆ ಯಾರೂ ಅಲುಗಾಡಲಿಲ್ಲ.

ಇದೇ ರೈಟರ್ ಒಂದು ಸಲ ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ ಹೊತ್ತು ತಂದರು. ಸಕಲೇಶಪುರದ ಮಳೆಗಾಲ ಗೊತ್ತಲ್ಲ. ಎಲ್ಲದರೊಳಗೂ ಟೇಪಿನ ಅಂಚಿಗೆ ಬಿಳಿ ಬೂಷ್ಟು. ಅಂಥದ್ದನ್ನು ಸುಮ್ನೆ ಡೆಕ್ಕಿಗೆ ಹಾಕಬೇಡಿ. ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಅಂಟುತ್ತದೆ, ಅಲ್ಲಿಂದ ಒಳ್ಳೇ ಕ್ಯಾಸೆಟ್ಟಿಗೂ ಹತ್ತುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಂದೊಂದರ ಐದು ಸ್ಕ್ರೂ ಬಿಚ್ಚಿದೆ. ಸುರುಳಿಯ ಬದಿಯನ್ನು ಒಣ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಟೇಪನ್ನು ಹೊಸ ಚಿಪ್ಪಿಗೆ ವರ್ಗಾಯಿಸಿದೆ. ಹೆಡ್ಡು, ರೋಲರ್ರು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು, ಪ್ರತಿ ಕ್ಯಾಸೆಟ್ಟಿಗೂ ಒಂದು ಸಲ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಉದುರಿದ್ದರೆ ಹಾಡು ದಿಂಬಿನ ಕೆಳಗಿನಿಂದ ಬಂದ ಹಾಗೆ ಕೇಳುತ್ತದೆ. ಆ ಪ್ಯಾಡನ್ನು ಹಾಳಾದ ಕ್ಯಾಸೆಟ್ಟಿನಿಂದ ಕಿತ್ತು ಹಾಕಿದೆ. ಉಳಿದದ್ದು ಅರ್ಧ ಪೆಟ್ಟಿಗೆ. ಒಂದು ಸಲ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡು, ಕ್ಯಾಸೆಟ್ಟುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಕೊಟ್ಟೆ.

ಉಳಿದವುಗಳಲ್ಲಿ 'ಮೈಸೂರು ಮಲ್ಲಿಗೆ' ಇತ್ತು. ಕೆ.ಎಸ್. ನರಸಿಂಹಸ್ವಾಮಿಯವರ 1942ರ ಕವಿತೆಗಳಿಗೆ ಸಿ. ಅಶ್ವತ್ಥ್ ಸಂಗೀತ. ಅದರಲ್ಲಿ ರತ್ನಮಾಲಾ ಪ್ರಕಾಶ್ ದನಿ ಬಂದಾಗ ಅಕ್ಕ ಒಂದು ವಿಷಯ ಹೇಳಿದರು. ಅಕ್ಕ ಅರಕಲಗೂಡು ತಾಲ್ಲೂಕಿನವರು. ರತ್ನಮಾಲಾ ಅವರ ತಂದೆ, ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್, ಅದೇ ತಾಲ್ಲೂಕಿನ ರುದ್ರಪಟ್ಟಣದವರು. ಕಾವೇರಿ ದಂಡೆಯ ಆ ಊರಿಂದ ಎಷ್ಟು ಜನ ಸಂಗೀತಗಾರರು ಬಂದಿದ್ದಾರೋ. ತಂಬೂರಿ ಆಕಾರದ ದೇವಸ್ಥಾನ ಇರುವುದೂ ಅಲ್ಲೇ. ಮುಂದಿನ ತಿಂಗಳು ಅಕ್ಕ ಶ್ರೀಕಂಠನ್ ಅವರ ಕಛೇರಿಯ ಧ್ವನಿಮುದ್ರಣ ತಂದರು. ಒಂದು ತಿಂಗಳು ಮಗಳು, ಇನ್ನೊಂದು ತಿಂಗಳು ಅಪ್ಪ. ಭಾವಗೀತೆ ಬಿಟ್ಟು ಬೇರೆ ಕೇಳದ ಮೇಷ್ಟ್ರು ಅಂದು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಲೆಕ್ಕದವರು, ಆದರೂ ಎಲ್ಲೋ ಒಂದು ಎಣಿಕೆ ತಪ್ಪುತ್ತಿತ್ತು.

ಬರುವ ತಿಂಗಳು ಮೇಷ್ಟ್ರ ಸರದಿ. ಏನು ತರುತ್ತಾರೆ ಅಂತ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ಅಂಗಡಿಗೆ ಬಂದು, 'ನಿನ್ನ ಮಷೀನಿನಲ್ಲಿ 78 ಓಡುತ್ತದಾ?' ಅಂದರು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ತಟ್ಟೆ ಅದು. ಊರಿನ ಮನೆಯ ಅಟ್ಟದಲ್ಲಿ ಅವರ ತಾತನ ಪೆಟ್ಟಿಗೆ ಸಿಕ್ಕಿದೆ. ಒಳಗೆ ದಪ್ಪ ರಟ್ಟಿನ ಪುಸ್ತಕ, ಪುಟ ಇರಬೇಕಾದ ಕಡೆ ಕಾಗದದ ಜೇಬುಗಳು, ಒಂದೊಂದು ಜೇಬಿನಲ್ಲಿ ಒಂದೊಂದು ಅರಗಿನ ತಟ್ಟೆ. ಆಲ್ಬಂ ಅನ್ನುವ ಹೆಸರು ಬಂದದ್ದೇ ಆ ಥರದ ಪುಸ್ತಕದಿಂದ, ಫೋಟೋ ಆಲ್ಬಂ ಇದ್ದ ಹಾಗೆ. ಒಂದು ಬದಿಗೆ ಮೂರು ನಿಮಿಷ ಅಷ್ಟೇ. ಅಂದರೆ ಮೂರು ನಿಮಿಷಕ್ಕೊಂದು ಸಲ ಒಬ್ಬರು ಎದ್ದು ಮಗುಚಬೇಕು, ಆ ಕೆಲಸ ಹುಡುಗನದು. ನನ್ನ ಟರ್ನ್‌ಟೇಬಲ್ 78ಕ್ಕೆ ತಿರುಗುತ್ತದೆ, ಆದರೆ ಅದರಲ್ಲಿರುವುದು ಎಲ್‌ಪಿ ಮುಳ್ಳು. 78ರ ಗೆರೆ ಅಗಲ, ಮುಳ್ಳೂ ಸುಮಾರು ಮೂರು ಪಟ್ಟು ದಪ್ಪ ಬೇಕು. ಬೆಂಗಳೂರಿಗೆ ಹೇಳಿದ್ದೇನೆ, ಇನ್ನೂ ಬಂದಿಲ್ಲ. ಮೇಷ್ಟ್ರು ದಿನಾ ಫೋನ್ ಮಾಡುತ್ತಿದ್ದಾರೆ. ಎಂಟು ಜೇಬುಗಳಲ್ಲಿ ಎರಡು ಖಾಲಿ, ಒಂದು ತಟ್ಟೆ ಹಪ್ಪಳದ ಹಾಗೆ ಮುರಿದಿದೆ. ಉಳಿದ ಐದರ ಲೇಬಲ್ ಗೆದ್ದಲು ತಿಂದಿದೆ, ಯಾರು ಹಾಡಿದ್ದಾರೋ ಹಾಕಿದ ಮೇಲೇ ಗೊತ್ತಾಗಬೇಕು.