ಹಳದಿ ಜಾಕೆಟ್ ಕೈಗೆ ಸಿಗಬೇಕು: ಯೂರೋಪ್ ಪ್ರವಾಸಕ್ಕೆ ನಮ್ಮ ಕಾರನ್ನು ಸಜ್ಜು ಮಾಡಿದ ಬಗೆ

ಬ್ರಿಟನ್ನಿನಲ್ಲಿ ಸ್ವಂತ ಕಾರು ಓಡಿಸುವವರಿಗೆ ಕಾರಿನಲ್ಲಿ ಇಟ್ಟುಕೊಳ್ಳಬೇಕಾದ ತುರ್ತು ಸಾಮಾನಿನ ವಿಷಯದಲ್ಲಿ ಕಾನೂನು ಕಿರಿಕಿರಿ ಮಾಡುವುದಿಲ್ಲ. ಕಾರು ಕೆಟ್ಟಾಗ ಹಿಂದೆ ರಸ್ತೆಯಲ್ಲಿ ಇಡುವ ವಾರ್ನಿಂಗ್ ತ್ರಿಕೋನ ಇರಲೇಬೇಕು ಅಂತಿಲ್ಲ. ಹೊಳೆಯುವ ಜಾಕೆಟ್ ಇರಲೇಬೇಕು ಅಂತಿಲ್ಲ. ಫಸ್ಟ್ ಏಡ್ ಡಬ್ಬಿಯ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಅದೇ ಕಾರನ್ನು ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ರೈಲಿಗೆ ಹತ್ತಿಸಿ, 35 ನಿಮಿಷ ಸಮುದ್ರದಡಿಯ ಸುರಂಗದಲ್ಲಿ ಕೂತು, ಫ್ರಾನ್ಸ್‌ನ ಕ್ಯಾಲೆಯಲ್ಲಿ ಇಳಿಸಿದರೆ ಕಥೆಯೇ ಬೇರೆ. ಫ್ರಾನ್ಸ್‌ನಲ್ಲಿ ಜಾಕೆಟ್ಟೂ ಬೇಕು, ತ್ರಿಕೋನವೂ ಬೇಕು. ಇಲ್ಲದಿದ್ದರೆ 135 ಯೂರೋ ದಂಡ. ಬೇಗ ಕಟ್ಟಿದರೆ 90.

ನಾವು ರಜೆಗೆ ಕಾರಲ್ಲೇ ಯೂರೋಪ್ ಸುತ್ತುವವರು. ನಾನು, ಹೆಂಡತಿ, ಇಬ್ಬರು ಮಕ್ಕಳು. ಏನೇನು ಕೊಳ್ಳಬೇಕು ಅನ್ನುವ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಕೊಂಡದ್ದನ್ನು ಕಾರಿನಲ್ಲಿ ಎಲ್ಲಿ ಇಡಬೇಕು ಅನ್ನುವುದನ್ನು ಹೇಳುವವರು ಕಡಿಮೆ. ನನ್ನ ಮಟ್ಟಿಗೆ ಅರ್ಧ ಕೆಲಸ ಇರುವುದು ಅಲ್ಲೇ. ಸೂಟ್‌ಕೇಸ್, ಚಪ್ಪಲಿ ಚೀಲ, ಟೆಂಟು ಎಲ್ಲದರ ಅಡಿಯಲ್ಲಿ ಸ್ಟೆಪ್ನಿ ಪಕ್ಕ ಮಲಗಿರುವ ತ್ರಿಕೋನ ಇದ್ದೂ ಇಲ್ಲದ ಹಾಗೆ, ಅಲ್ವಾ?

ಮೊದಲು ಜಾಕೆಟ್ ವಿಷಯ. ಫ್ರಾನ್ಸ್‌ನಲ್ಲಿ 2008ರ ಅಕ್ಟೋಬರ್‌ನಿಂದ ಇದು ಕಡ್ಡಾಯ. ನಿಯಮದಲ್ಲೇ ಒಂದು ಸೂಕ್ಷ್ಮ ಇದೆ. ಜಾಕೆಟ್ ಚಾಲಕನ ಕೈಗೆಟುಕುವ ಹಾಗೆ ಕಾರಿನ ಒಳಗೇ ಇರಬೇಕು. ಕಾರು ಕೆಟ್ಟು ನಿಂತಾಗ ಅದನ್ನು ಹಾಕಿಕೊಂಡ ಮೇಲೆ ಇಳಿಯಬೇಕು, ಇಳಿದ ಮೇಲೆ ಹಾಕಿಕೊಳ್ಳುವುದಲ್ಲ. ಹಾಗಾಗಿ ಡಿಕ್ಕಿಯಲ್ಲಿ ಇಟ್ಟರೆ ಲೆಕ್ಕಕ್ಕಿಲ್ಲ. ಅದನ್ನು ತೆಗೆಯಲು ಹೋಗುವ ಆ ನಾಲ್ಕು ಹೆಜ್ಜೆಯಲ್ಲೇ ಅಪಾಯ ಇರುವುದು.

ನಾನು ಜಾಕೆಟ್‌ಗಳನ್ನು ತಂದ ದಿನವೇ ಪ್ಲಾಸ್ಟಿಕ್ ಕವರ್‌ನಿಂದ ತೆಗೆದು ಬಿಸಾಡಿದೆ. ಜಾಕೆಟ್ಟನ್ನಲ್ಲ, ಬಿಸಾಡಿದ್ದು ಕವರನ್ನು! ಆ ಜಿಪ್ ಕವರು ಒದ್ದೆ ಕೈಗೆ ಬಿಚ್ಚಿಕೊಳ್ಳುವುದಿಲ್ಲ. ಜಾಕೆಟ್ಟನ್ನು ಉದ್ದಕ್ಕೆ ಸುತ್ತಿ, ರಬ್ಬರ್ ಬ್ಯಾಂಡ್ ಕೂಡ ಹಾಕದೆ, ಬಾಗಿಲಿನ ಜೇಬಿನಲ್ಲಿ ತುರುಕಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು, ಅವರವರ ಬಾಗಿಲಲ್ಲೇ. ಸೀಟ್ ಬೆಲ್ಟ್ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ ಕೈ ಚಾಚಿದರೆ ಸಿಗಬೇಕು. ನಾನು ಹಾಕಿಕೊಂಡ ಪರೀಕ್ಷೆ ಇದೇ. ಮಕ್ಕಳಿಗೆ ಇದು ಆಟ. ಯಾರು ಮೊದಲು ಹಾಕಿಕೊಳ್ಳುತ್ತಾರೆ ಅಂತ ಪೈಪೋಟಿ.

ಕೊಳ್ಳುವಾಗ ಒಳಗಿನ ಲೇಬಲ್ ನೋಡಿ. ದೊಡ್ಡವರ ಜಾಕೆಟ್ಟಿನಲ್ಲಿ ಇಎನ್ ಐಎಸ್ಒ 20471 ಅಂತ, ಅಂದರೆ ಹೊಳೆಯುವ ಉಡುಪಿನ ಗುಣಮಟ್ಟದ ಗುರುತು, ಇರಬೇಕು. ಸೈಜು ಮಾತ್ರ ದೊಡ್ಡದೇ ತೆಗೆದುಕೊಳ್ಳಿ. ಚಳಿಗಾಲದಲ್ಲಿ ದಪ್ಪ ಕೋಟಿನ ಮೇಲೆ ಹಾಕಬೇಕಾಗುತ್ತದೆ. ಮಕ್ಕಳಿಗೆ ಮಕ್ಕಳ ಸೈಜೇ ಬೇಕು. ದೊಡ್ಡವರದ್ದು ಹಾಕಿದರೆ ಕಾಲಿಗೆ ಸಿಕ್ಕುತ್ತದೆ. "ಯೂರೋಪ್ ಕಿಟ್" ಅಂತ ಒಂದು ಚೀಲದಲ್ಲಿ ಎಲ್ಲ ಸೇರಿಸಿ ಮಾರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಜಾಕೆಟ್ ಒಂದೋ ಎರಡೋ ಇರುತ್ತದೆ. ಕಾರಿನಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಬೇಕು, ಕಾನೂನು ಏನೇ ಹೇಳಲಿ. ಕೆಲವು ಹಳೇ ಕಿಟ್‌ಗಳಲ್ಲಿ ಉಸಿರು ಊದಿ ಮದ್ಯ ಪರೀಕ್ಷಿಸುವ ಕೊಳವೆಯೂ ಇರುತ್ತದೆ. ಫ್ರಾನ್ಸ್ 2012ರಲ್ಲಿ ಅದನ್ನು ಕಡ್ಡಾಯ ಮಾಡಿತ್ತು. ಇಲ್ಲದಿದ್ದರೆ ದಂಡ ಅನ್ನುವುದು ಜಾರಿಗೇ ಬರಲಿಲ್ಲ. 2020ರಲ್ಲಿ ನಿಯಮವನ್ನೇ ತೆಗೆದುಹಾಕಿದರು. ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ತ್ರಿಕೋನದ ವಿಷಯದಲ್ಲಿ ನಾನು ಎಲ್ಲರಿಗಿಂತ ಸ್ವಲ್ಪ ಬೇರೆ. ಎಲ್ಲರೂ ಡಿಕ್ಕಿಯಲ್ಲಿ ಇಡುತ್ತಾರೆ. ಕೆಲವು ಕಾರುಗಳಲ್ಲಿ ಡಿಕ್ಕಿ ಬಾಗಿಲಿನ ಒಳಮೈಯಲ್ಲೇ ಅದಕ್ಕೊಂದು ಗೂಡು ಇರುತ್ತದೆ, ಅದಾದರೆ ಪರವಾಗಿಲ್ಲ. ನಮ್ಮ ಕಾರಲ್ಲಿ ಅದಿಲ್ಲ. ಡಿಕ್ಕಿ ತೆರೆದು ನಿಲ್ಲುವುದು ಅಂದರೆ ಹಿಂದಿನಿಂದ ಬರುವ ಗಾಡಿಗೆ ಬೆನ್ನು ಕೊಟ್ಟು ನಿಲ್ಲುವುದು. ಹಾಗಾಗಿ ನಮ್ಮ ತ್ರಿಕೋನ ಡ್ರೈವರ್ ಸೀಟಿನ ಹಿಂದೆ ನೆಲದ ಮೇಲೆ, ಸೀಟಿನ ಕಂಬಿಗೆ ವೆಲ್ಕ್ರೋ ಪಟ್ಟಿಯಿಂದ ಕಟ್ಟಿಕೊಂಡು ಕೂತಿದೆ. ಕಟ್ಟದೆ ಬಿಡಬಾರದು. ಜೋರಾಗಿ ಬ್ರೇಕ್ ಹಾಕಿದಾಗ ಬಿಡಿಯಾಗಿ ಬಿದ್ದಿರುವ ಗಟ್ಟಿ ಸಾಮಾನು ಹಾರಿ ಬಂದು ಬಡಿಯುತ್ತದೆ.

ನಮ್ಮದು ಬ್ರಿಟನ್ ಕಾರು, ಸ್ಟೀರಿಂಗ್ ಬಲಗಡೆ. ಯೂರೋಪ್ ಖಂಡದ ರಸ್ತೆಗಳಲ್ಲಿ ಗಾಡಿ ಓಡುವುದೂ ಬಲಗಡೆ. ಅಂದರೆ ರಸ್ತೆ ಬದಿಗೆ ನಿಲ್ಲಿಸಿದಾಗ ನನ್ನ ಬಾಗಿಲು ಹುಲ್ಲಿನ ಕಡೆ, ಹೆಂಡತಿಯ ಬಾಗಿಲು ಓಡುವ ಗಾಡಿಗಳ ಕಡೆ. ಬಾಡಿಗೆ ಕಾರಿನವರಿಗೆ ಇದು ತಿರುಗಾಮುರುಗಾ. ಯಾರು ಯಾವ ಬಾಗಿಲಿಂದ ಇಳಿಯುವುದು ಅಂತ ಹೊರಡುವ ಮುಂಚೆಯೇ ಮಾತಾಡಿಕೊಂಡಿರಬೇಕು.

ಫ್ರಾನ್ಸ್‌ನ ಬರ್ಗಂಡಿ ಕಡೆ ಒಂದು ಸಂಜೆ ಇದು ಉಪಯೋಗಕ್ಕೆ ಬಂತು. ಹೆದ್ದಾರಿ ಬಿಟ್ಟು ಸಣ್ಣ ರಸ್ತೆಗೆ ಇಳಿದಿದ್ದೆವು. ತುಂತುರು ಮಳೆ, ಕತ್ತಲಾಗುವ ಹೊತ್ತು. ಹಿಂದಿನ ಎಡ ಟೈರು ಪಂಕ್ಚರ್. ಹಜಾರ್ಡ್ ಲೈಟ್ ಹಾಕಿ ಆದಷ್ಟು ಬದಿಗೆ ತಂದೆ.

"ರೀ, ನಾನು ಈ ಕಡೆಯಿಂದ ಇಳೀಲಾ?"

"ಬೇಡ, ಆ ಕಡೆ ಗಾಡಿ ಬರ್ತಿವೆ. ನಾನು ಇಳಿದ ಮೇಲೆ ನನ್ನ ಸೀಟಿಗೆ ದಾಟ್ಕೊಂಡು ಬಾ. ಜಾಕೆಟ್ ಹಾಕ್ಕೊಂಡ್ಯಾ?"

"ಹಾಕ್ಕೊಂಡೆ. ಮಕ್ಕಳೂ ಹಾಕ್ಕೊಂಡ್ರು. ನೀವು ಮೊದಲು ಹಾಕ್ಕೊಳ್ಳಿ."

ಗೇರ್ ಕಡ್ಡಿ ದಾಟುವಾಗ ಅವಳು ಏನೋ ಗೊಣಗಿದಳು, ಕೇಳಿಸಲಿಲ್ಲ ಅಂತ ಇಟ್ಟುಕೊಳ್ಳೋಣ. ಮಕ್ಕಳು ಬಲಗಡೆಯ ಹಿಂಬಾಗಿಲಿಂದ ಒಬ್ಬರ ಹಿಂದೆ ಒಬ್ಬರು ಇಳಿದರು. ಎಲ್ಲರೂ ಚರಂಡಿ ದಾಟಿ, ಕಾರಿನಿಂದ ಸ್ವಲ್ಪ ಮುಂದಕ್ಕೆ, ಬೇಲಿ ಪಕ್ಕ ನಿಂತರು. ಆಮೇಲೆ ತ್ರಿಕೋನ.

ಕೆಂಪು ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆದರೆ ಅದು ಮಡಿಚಿದ ಮೂರು ಪಟ್ಟಿ, ಅಡಿಯಲ್ಲಿ ಕಬ್ಬಿಣದ ಕಾಲುಗಳು. ಕಾಲುಗಳನ್ನು ಅಡ್ಡಕ್ಕೆ ತಿರುಗಿಸಬೇಕು. ಎರಡು ಪಟ್ಟಿಗಳನ್ನು ಮೇಲೆತ್ತಿ ತುದಿಯಲ್ಲಿ ಟಿಚ್ ಬಟನ್ ಥರ ಒತ್ತಿ ಸೇರಿಸಬೇಕು. ಹಗಲು ಹೊತ್ತು ಅರ್ಧ ನಿಮಿಷದ ಕೆಲಸ. ಮಳೆಯಲ್ಲಿ ಬೆರಳು ಮರಗಟ್ಟಿದಾಗ ಆ ಗುಂಡಿ ಕೂರುವುದೇ ಇಲ್ಲ. ನಾನು ಮನೆಯಲ್ಲಿ ಜೋಡಿಸಿ ಬಿಚ್ಚಿ ಅಭ್ಯಾಸ ಮಾಡಿಕೊಂಡಿದ್ದರಿಂದ ಕೈ ತಾನಾಗೇ ಓಡಿತು. ಜೋಡಿಸಿದ್ದು ಕಾರಿನ ಪಕ್ಕ ಹುಲ್ಲಿನ ಮೇಲೆ ನಿಂತು, ರಸ್ತೆ ಮೇಲಲ್ಲ. ಆಮೇಲೆ ಹೊಳೆಯುವ ಮುಖ ಎದುರು ಬರುವ ಗಾಡಿಗಳಿಗೆ ಕಾಣುವ ಹಾಗೆ ಎದೆಯ ಮುಂದೆ ಹಿಡಿದು ಹುಲ್ಲಿನ ಮೇಲೆಯೇ ಹಿಂದಕ್ಕೆ ನಡೆದೆ. ಫ್ರಾನ್ಸ್‌ನಲ್ಲಿ ಕನಿಷ್ಠ 30 ಮೀಟರ್ ಹಿಂದೆ ಇಡಬೇಕು, 100 ಮೀಟರ್ ದೂರಕ್ಕೆ ಕಾಣಬೇಕು. ನನ್ನ ನಡಿಗೆಗೆ 30 ಮೀಟರ್ ಅಂದರೆ 40 ಹೆಜ್ಜೆ. ಆದರೆ ಅಲ್ಲಿ ತಿರುವು ಇತ್ತು. ತಿರುವಿನ ಈಚೆ ಇಟ್ಟರೆ ಕಂಡ ತಕ್ಷಣ ಕಾರೂ ಕಾಣುತ್ತದೆ, ಪ್ರಯೋಜನ ಇಲ್ಲ. ತಿರುವು ದಾಟಿ ಇಟ್ಟು ಬಂದೆ.

ಎಡ ಟೈರನ್ನು ನಾನು ಬದಲಾಯಿಸಲಿಲ್ಲ. ಜ್ಯಾಕ್, ಸ್ಟೆಪ್ನಿ ಎಲ್ಲ ಇತ್ತು. ಆದರೆ ಗಾಡಿ ಓಡುವ ಕಡೆಗೆ ಬೆನ್ನು ಹಾಕಿ ಮಂಡಿಯೂರಿ ಕೂರುವುದಕ್ಕೆ ಮನಸ್ಸು ಒಪ್ಪಲಿಲ್ಲ. ವಿಮೆಯವರಿಗೆ ಫೋನ್ ಮಾಡಿ ಕಾದೆವು.

ಇದೇ ಹೆದ್ದಾರಿಯಲ್ಲಿ ಆಗಿದ್ದರೆ ತ್ರಿಕೋನ ಮುಟ್ಟುತ್ತಲೇ ಇರಲಿಲ್ಲ. ಇಡಲು ಹೋಗುವುದೇ ಜೀವಕ್ಕೆ ಅಪಾಯ ಅನ್ನಿಸಿದರೆ ಇಡಬೇಕಾಗಿಲ್ಲ ಅಂತ ಫ್ರಾನ್ಸ್‌ನ ನಿಯಮವೇ ಬಿಡುವು ಕೊಡುತ್ತದೆ. ತಡೆಗೋಡೆಯ ಆಚೆ ಹೋಗಿ, 2 ಕಿಲೋಮೀಟರ್‌ಗೆ ಒಂದರಂತೆ ಇರುವ ಕಿತ್ತಳೆ ಬಣ್ಣದ ಫೋನಿನಿಂದಲೋ 112ಕ್ಕೋ ಕರೆ ಮಾಡಬೇಕು. ಬ್ರಿಟನ್ನಿನ ಹೈವೇ ಕೋಡ್ ಕೂಡ ಬೇರೆ ರಸ್ತೆಗಳಲ್ಲಿ 45 ಮೀಟರ್ ಹಿಂದೆ ಇಡಿ, ಮೋಟರ್‌ವೇಯಲ್ಲಿ ಮಾತ್ರ ಇಡಲೇಬೇಡಿ ಅನ್ನುತ್ತದೆ. ಜರ್ಮನಿಯಲ್ಲಿ ತದ್ವಿರುದ್ಧ. ಆಟೋಬಾನ್ ಅನ್ನುವ ಅಲ್ಲಿನ ಹೆದ್ದಾರಿಯಲ್ಲೂ ಇಡಬೇಕು, ಅದೂ 100 ಮೀಟರ್‌ಗಿಂತ ಜಾಸ್ತಿ ಹಿಂದೆ. ಅಲ್ಲಿ ರಸ್ತೆ ಬದಿಯ ಬಿಳಿ ಗೂಟಗಳು ಸಾಮಾನ್ಯವಾಗಿ 50 ಮೀಟರ್‌ಗೆ ಒಂದು. ಹೆಜ್ಜೆ ಎಣಿಸುವುದಕ್ಕಿಂತ ಗೂಟ ಎಣಿಸುವುದು ಸುಲಭ. ಇನ್ನು ಸ್ಪೇನ್ ತ್ರಿಕೋನಕ್ಕೇ ಕೈಮುಗಿದಿದೆ. ಇಡಲು ನಡೆದು ಹೋದವರೇ ಗಾಡಿಗೆ ಸಿಕ್ಕಿ ಸಾಯುತ್ತಿದ್ದರು ಅನ್ನುವುದು ಅದಕ್ಕೆ ಕಾರಣ. ಅಲ್ಲಿನ ನೋಂದಣಿಯ ಕಾರುಗಳಿಗೆ 2026ರ ಜನವರಿ 1ರಿಂದ ವಿ-16 ಅನ್ನುವ ದೀಪ ಬೇಕು. ಕಿಟಕಿಯಿಂದ ಕೈ ಹೊರಹಾಕಿ ಕಾರಿನ ತಲೆ ಮೇಲೆ ಅಂಟಿಸಿದರೆ ಮುಗಿಯಿತು. ಹೊರದೇಶದಿಂದ ಬರುವ ಕಾರುಗಳಿಗೆ ತ್ರಿಕೋನ ಈಗಲೂ ನಡೆಯುತ್ತದೆ.

ಫಸ್ಟ್ ಏಡ್ ಡಬ್ಬಿ ಆಸ್ಟ್ರಿಯಾಕ್ಕೆ ಬೇಕೇ ಬೇಕು. ಗಟ್ಟಿ ಡಬ್ಬಿ, ಧೂಳು ಹೋಗದ ಹಾಗೆ ಪ್ಯಾಕ್ ಆಗಿರಬೇಕು ಅಂತ ಅಲ್ಲಿನ ಕಾನೂನು ಹೇಳುತ್ತದೆ. ಪರ್ಸಿನ ಮೂಲೆಯಲ್ಲಿರುವ ನಾಲ್ಕು ಬ್ಯಾಂಡೇಜ್ ಪಟ್ಟಿ ತೋರಿಸಿದರೆ ನಡೆಯುವುದಿಲ್ಲ. ನಾನು ಜರ್ಮನಿಯ ಡಿಐಎನ್ 13164 ಗುರುತಿನ ಡಬ್ಬಿ ಕೊಂಡೆ. ಕೈಗವಸು, ಕತ್ತರಿ, ಚಳಿ ತಡೆಯುವ ಹೊಳಪಿನ ಹೊದಿಕೆ, ಎಲ್ಲ ಇದೆ. ಅದು ಮುಂದಿನ ಎಡ ಸೀಟಿನ ಕೆಳಗೆ. ಬಿಸಿಲಿಗೆ ಕಾದ ಕಾರಿನಲ್ಲಿ ಪ್ಲಾಸ್ಟರ್‌ನ ಅಂಟು ಬೇಗ ಹಾಳಾಗುತ್ತದೆ, ಹಾಗಾಗಿ ಹಿಂದಿನ ಗಾಜಿನ ಕೆಳಗಿನ ಹಲಗೆ ಮೇಲೆ ಇಡಬೇಡಿ. ಪೊಟ್ಟಣದ ಮೇಲಿನ ತಾರೀಕನ್ನು ಪ್ರತಿ ಪ್ರವಾಸಕ್ಕೂ ಮುಂಚೆ ನೋಡುತ್ತೇನೆ. ಮಕ್ಕಳ ಮಂಡಿಗೆ ಅಂತ ಇದರಿಂದ ಪ್ಲಾಸ್ಟರ್ ತೆಗೆಯುವಂತಿಲ್ಲ ಅಂತ ಮನೆಯಲ್ಲಿ ಕಟ್ಟುನಿಟ್ಟು. ಅದಕ್ಕೆ ಬೇರೆ ಡಬ್ಬಿ ಇದೆ.

ಬೆಂಕಿ ಆರಿಸುವ ಸಿಲಿಂಡರ್ ಗ್ರೀಸ್, ಬಲ್ಗೇರಿಯಾ ಕಡೆ ಹೋಗುವವರಿಗೆ ಬೇಕು. ಬೆಲ್ಜಿಯಂನಲ್ಲಿ ಅಲ್ಲಿನ ನೋಂದಣಿಯ ಕಾರುಗಳಿಗೆ ಮಾತ್ರ ಕಡ್ಡಾಯ, ದಾಟಿ ಹೋಗುವ ನಮಗಲ್ಲ. ಇಟ್ಟುಕೊಳ್ಳುವುದಾದರೆ ಬ್ರಾಕೆಟ್ ಹಾಕಿ ತಿರುಪಿನಿಂದ ಬಿಗಿ ಮಾಡಿಸಿ. ಸೀಟಿನ ಕೆಳಗೆ ಉರುಳಾಡುವ ಸಿಲಿಂಡರ್ ಬ್ರೇಕ್ ಪೆಡಲಿನ ಅಡಿಗೆ ಬಂದು ಕೂತರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಬ್ರಿಟನ್ ಕಾರಿನ ಹೆಡ್‌ಲೈಟ್ ಎಡಕ್ಕೆ ಬೆಳಕು ಚೆಲ್ಲುತ್ತದೆ. ಆಚೆ ದಡದಲ್ಲಿ ಅದು ನೇರ ಎದುರಿನವರ ಕಣ್ಣಿಗೆ. ನಮ್ಮ ಕಾರಲ್ಲಿ ಅದಕ್ಕೆ ಸೆಟ್ಟಿಂಗ್ ಇದೆ, ಇಲ್ಲದವರು ಗಾಜಿಗೆ ಸ್ಟಿಕ್ಕರ್ ಹಚ್ಚುತ್ತಾರೆ. ವಾಪಸ್ ಬಂದ ಮೇಲೆ ಕೀಳಬೇಕು ಅಷ್ಟೇ. ಹಿಂದೆ ಅಂಟಿಸುವ ದೇಶದ ಗುರುತು 2021ರ ಸೆಪ್ಟೆಂಬರ್ 28ರಿಂದ "ಯುಕೆ". ಹಳೇ "ಜಿಬಿ" ಸ್ಟಿಕ್ಕರ್ ಈಗ ನಡೆಯುವುದಿಲ್ಲ.

ಚಳಿಗಾಲಕ್ಕೆ ಬೇರೆಯೇ ಪೆಟ್ಟಿಗೆ. ಫ್ರಾನ್ಸ್‌ನ ಬೆಟ್ಟದ ಸೀಮೆಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಗುರುತು ಹಾಕಿದ ಜಾಗಗಳಲ್ಲಿ, ಚಳಿಗಾಲದ ಟೈರು ಇರಬೇಕು, ಇಲ್ಲವೇ ಎರಡು ಚಕ್ರಕ್ಕಾಗುವಷ್ಟು ಹಿಮದ ಸರಪಳಿಯಾದರೂ ಕಾರಿನಲ್ಲಿ ಇರಬೇಕು. ಸರಪಳಿ ನಮ್ಮ ಟೈರಿನ ಅಳತೆಗೆ ಸರಿಯಾದದ್ದೇ ಆಗಬೇಕು. ಎಂಜಿನ್ ಎಳೆಯುವ ಚಕ್ರಕ್ಕೇ ಹಾಕಬೇಕು, ನಮ್ಮದರಲ್ಲಿ ಮುಂದಿನವು. ಹಾಕಿದ ಮೇಲೆ ಗಂಟೆಗೆ 50 ಕಿಲೋಮೀಟರ್ ದಾಟುವಂತಿಲ್ಲ. ಸರಪಳಿಯ ಡಬ್ಬಿ ಡಿಕ್ಕಿಯಲ್ಲಿ ಎಲ್ಲದಕ್ಕಿಂತ ಮೇಲೆ ಇರುತ್ತದೆ. ಅದರ ಜೊತೆಗೇ ರಬ್ಬರ್ ಕೈಗವಸು, ತಲೆಗೆ ಕಟ್ಟುವ ಟಾರ್ಚು, ಮಂಡಿಯೂರಲು ಒಂದು ಹಳೇ ಮ್ಯಾಟು. ಇದನ್ನೂ ಮನೆ ಮುಂದೆ ಒಣ ನೆಲದಲ್ಲಿ ಹಾಕಿ ನೋಡಿದ್ದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಆಗಬಾರದಲ್ಲ. ಪಕ್ಕದ ಮನೆಯವರು ಬೇಸಿಗೆಯಲ್ಲಿ ಇದೇನು ಅಂತ ನೋಡಿದರು, ನೋಡಲಿ ಬಿಡಿ.

ವಿಮಾನದಲ್ಲಿ ಹೋಗಿ ಬಾಡಿಗೆ ಕಾರು ಹಿಡಿಯುವವರಿಗೆ ಇಷ್ಟು ಕೆಲಸ ಇಲ್ಲ, ಆದರೆ ಸ್ವಲ್ಪ ಇದೆ. ಕೀ ಕೈಗೆ ಬಂದ ಕೂಡಲೇ ಜಾಕೆಟ್ ಎಷ್ಟಿವೆ, ತ್ರಿಕೋನ ಎಲ್ಲಿದೆ ಅಂತ ಕೇಳಿ. "ಇದೆ" ಅಂದರೆ ಸಾಲದು, ತೆಗೆದು ತೋರಿಸಲಿ. ಹೆಚ್ಚಾಗಿ ಎರಡೂ ಡಿಕ್ಕಿಯ ಹಲಗೆಯ ಅಡಿಯಲ್ಲಿ, ಕವರು ಕೂಡ ಒಡೆಯದೆ ಇರುತ್ತವೆ. ಸೂಟ್‌ಕೇಸ್ ಇಡುವ ಮುಂಚೆ ಜಾಕೆಟ್ಟನ್ನು ತೆಗೆದು ಬಾಗಿಲ ಜೇಬಿಗೆ ಹಾಕಿಕೊಳ್ಳಿ. ಮಕ್ಕಳಿದ್ದರೆ ಅವರ ಜಾಕೆಟ್ಟನ್ನು ಮನೆಯಿಂದಲೇ ಒಯ್ಯಿರಿ, ಬಟ್ಟೆಯ ನಡುವೆ ಮಡಿಚಿಟ್ಟರೆ ತೂಕವೂ ಇಲ್ಲ. ಕಾರು ವಾಪಸ್ ಕೊಡುವಾಗ ಅವರದ್ದನ್ನು ಮತ್ತೆ ಇದ್ದಲ್ಲೇ ಇಟ್ಟುಬಿಡಿ, ಇಲ್ಲದಿದ್ದರೆ ಬಿಲ್ಲಿಗೆ ಸೇರಿಸಬಹುದು.